ಮಕ್ಕಳ ಮನೆ ಇಂಗ್ಲೆಂಡಿನಲ್ಲಿದ್ದರೆ ಕಡಲಹಕ್ಕಿ ನೋಡಿ ಬನ್ನಿ

ಬೇಸಿಗೆ ಬಂತೆಂದರೆ ಬೆಂಗಳೂರಿನ ಎಷ್ಟೋ ಅಪ್ಪ-ಅಮ್ಮಂದಿರು ಇಂಗ್ಲೆಂಡಿಗೆ ಹೊರಡುತ್ತಾರೆ. ಮಗಳು, ಅಳಿಯ ಕೆಲಸಕ್ಕೆ ಹೋದ ಮೇಲೆ ಹೊತ್ತು ಕಳೆಯುವುದೇ ಕಷ್ಟ. ಅರಮನೆ, ಮ್ಯೂಸಿಯಂ ಎಲ್ಲ ಎರಡು ವಾರದಲ್ಲಿ ಮುಗಿದುಹೋಗುತ್ತವೆ. ಅಂಥವರು ಯಾರ್ಕ್‌ಷೈರ್ ಕರಾವಳಿಯ ಬೆಂಪ್ಟನ್‌ಗೆ ಹೋಗಿಬರಬೇಕು. ಸುಮಾರು 100 ಮೀಟರ್ ಎತ್ತರದ ಸೀಮೆಸುಣ್ಣದ ಬಂಡೆ, ಅದರ ತುಂಬ ಲಕ್ಷಗಟ್ಟಲೆ ಕಡಲಹಕ್ಕಿ. ನಮ್ಮ ಮಲ್ಪೆ, ಗೋಕರ್ಣದ ಕಡೆ ಇಷ್ಟು ದೊಡ್ಡ ಸಂತೆ ನೋಡಲು ಸಿಗದು.

ತಯಾರಿ ಮಾತ್ರ ಬೆಂಗಳೂರಿನಲ್ಲೇ ಆಗಬೇಕು. 8×42 ಬೈನಾಕ್ಯುಲರ್ (ಎಂಟು ಪಟ್ಟು ದೊಡ್ಡದಾಗಿ ತೋರಿಸುವ, ಮುಂದಿನ ಗಾಜು 42 ಮಿಲಿಮೀಟರ್ ಅಗಲದ್ದು) ಸಾಕು. ಜಾಸ್ತಿ ದೊಡ್ಡದಾಗಿ ತೋರಿಸುವುದನ್ನು ಕೊಂಡರೆ ಕೈ ನಡುಗಿದಷ್ಟೂ ಚಿತ್ರ ನಡುಗುತ್ತದೆ. ಕನ್ನಡಕದವರು ಕಣ್ಣಿನ ಬಳಿಯ ರಬ್ಬರ್ ಬಳೆಯನ್ನು ಒಳಗೆ ತಿರುಗಿಸಿಕೊಳ್ಳಿ. ಆಮೇಲೆ ಬಲಗಣ್ಣು ಮುಚ್ಚಿ, ನಡುವಿನ ಚಕ್ರ ತಿರುಗಿಸಿ ಎಡಗಣ್ಣಿಗೆ ಸರಿಮಾಡಿ. ಈಗ ಎಡಗಣ್ಣು ಮುಚ್ಚಿ, ಬಲಗಡೆಯ ಫೋಕಸ್ ಬಳೆಯಲ್ಲಿ (ರಬ್ಬರ್ ಬಳೆಯಲ್ಲ) ಬಲಗಣ್ಣಿಗೆ ಹೊಂದಿಸಿ. ಇದನ್ನು ಒಮ್ಮೆ ಮಾಡಿಟ್ಟರೆ ಮುಂದೆ ನಡುವಿನ ಚಕ್ರವೊಂದೇ ಸಾಕು. ಎಷ್ಟೋ ಜನ ಇಷ್ಟು ಮಾಡದೆ ‘ಏನೂ ಕಾಣಲ್ಲ’ ಅಂತಾರೆ.

ಹೆಬ್ಬಾಳ ಕೆರೆಯ ನೀರುಕಾಗೆಗಳ ಮೇಲೆ ಅಭ್ಯಾಸ ಶುರುಮಾಡಿ. ಹಕ್ಕಿಯಿಂದ ಕಣ್ಣು ಕೀಳದೆ ಬೈನಾಕ್ಯುಲರನ್ನೇ ಕಣ್ಣಿಗೆ ತರಬೇಕು. ಕಡಿದಾದ ಬಂಡೆಯಲ್ಲಿ ಹುಡುಕುವುದನ್ನು ಕಲಿಯಲು ರಾಮನಗರದ ರಾಮದೇವರ ಬೆಟ್ಟ ಇದೆ, 2012ರಿಂದ ಅದು ರಣಹದ್ದುಗಳ ಧಾಮ. ಹದ್ದು ಸಿಗುತ್ತದೆಂಬ ಗ್ಯಾರಂಟಿ ಇಲ್ಲ. ಸುಮ್ನೆ ಒಂದೊಂದೇ ಬಿರುಕಿನ ಗುಂಟ ಎಡದಿಂದ ಬಲಕ್ಕೆ ನೋಡುತ್ತಾ ಹೋಗಿ.

ಜೂನ್ ಒಳ್ಳೆಯ ತಿಂಗಳು. ಬಣ್ಣದ ಕೊಕ್ಕಿನ ಪಫಿನ್ ಜುಲೈ ಮುಗಿಯುವಷ್ಟರಲ್ಲಿ ಕಡಲಿಗೆ ಹೊರಟುಬಿಡುತ್ತದೆ. ಜೂನ್ ಅಂತ ತೆಳು ಬಟ್ಟೆಯಲ್ಲಿ ಹೋಗಬೇಡಿ, ಗಾಳಿ ಜೋರು. ಮಂಕಿ ಟೋಪಿಗೆ ಮಗಳು ಮುಖ ಸಿಂಡರಿಸಿದರೂ ಪರವಾಗಿಲ್ಲ, ಹಾಕಿಕೊಳ್ಳಿ.

ಬಂಡೆಯ ಅಂಚಿನಲ್ಲಿ ಬೇಲಿ ಹಾಕಿದ ಕಟ್ಟೆಗಳಿವೆ, ಅಲ್ಲೇ ನಿಲ್ಲಿ. ಸೀಮೆಸುಣ್ಣದ ಕಲ್ಲು ಕುಸಿಯುತ್ತದೆ. ಮೊದಲು ಮೂಗಿಗೆ ಹಿಕ್ಕೆಯ ವಾಸನೆ, ಆಮೇಲೆ ಕಿವಿಗೆ ಗಲಾಟೆ. ಇಡೀ ಬಂಡೆಯನ್ನು ಒಟ್ಟಿಗೆ ನೋಡಲು ಹೋದರೆ ತಲೆ ಕೆಡುತ್ತದೆ. ಬಂಡೆಯಲ್ಲಿ ಹಕ್ಕಿಗಳು ಕೂತ ಒಂದೇ ಒಂದು ಕಿರಿದಾದ ಚಾಚನ್ನು ಆರಿಸಿಕೊಂಡು ಅರ್ಧ ಗಂಟೆ ಅದನ್ನೇ ನೋಡಿ.

ಅಲ್ಲಿ ಸಾಲಾಗಿ ಒತ್ತಿಕೊಂಡು ನಿಂತ ಕಂದು-ಬಿಳಿ ಹಕ್ಕಿ ಗಿಲ್ಲೆಮಾಟ್. ಗೂಡೇ ಕಟ್ಟದು. ಬರಿ ಬಂಡೆಯ ಮೇಲೆ ಒಂದೇ ಮೊಟ್ಟೆ, ಒಂದು ತುದಿ ಚೂಪು. ಬಣ್ಣ ಒಂದರಂತೆ ಇನ್ನೊಂದಿಲ್ಲ, ಅದರಿಂದಲೇ ತನ್ನ ಮೊಟ್ಟೆಯನ್ನು ಗುರುತಿಸುತ್ತದೆ. ಮರಿಗೆ ಮೂರು ವಾರ ಆಯಿತೆಂದರೆ, ಹಾರಲು ಬಾರದಿದ್ದರೂ ಮೇಲಿಂದ ಧುಮುಕುತ್ತದೆ. ಕೆಳಗೆ ನೀರಿನಲ್ಲಿ ಅಪ್ಪ ಕೂಗುತ್ತಾ ಕಾಯುತ್ತಿರುತ್ತದೆ. ಇದನ್ನು ನೋಡುವ ಆಸೆಯಿದ್ದರೆ ಜೂನ್ ಕೊನೆಯಲ್ಲಿ, ಸಂಜೆಯವರೆಗೂ ಉಳಿಯಿರಿ.

ದೊಡ್ಡ ಬಿಳಿ ಹಕ್ಕಿ, ತಲೆ ಹಳದಿ, ರೆಕ್ಕೆತುದಿ ಕಪ್ಪು: ಗ್ಯಾನೆಟ್. ರೆಕ್ಕೆ ಚಾಚಿದರೆ ಸುಮಾರು 1.8 ಮೀಟರ್. ಜೋಡಿಯ ಒಂದು ಹಕ್ಕಿ ಗೂಡಿಗೆ ಮರಳಿದಾಗ ಎರಡೂ ಕತ್ತೆತ್ತಿ ಕೊಕ್ಕಿಗೆ ಕೊಕ್ಕು ತಾಗಿಸುತ್ತವೆ. ಗೂಡಲ್ಲಿ ನೀಲಿ, ಹಸಿರು ಎಳೆ ಕಂಡರೆ ಅದು ಪ್ಲಾಸ್ಟಿಕ್ ಬಲೆಯ ದಾರ. ಕೆಸರು-ಹುಲ್ಲಿನ ಪುಟ್ಟ ಗೂಡು ಕಿಟ್ಟಿವೇಕ್ ಎಂಬ ಬೂದು-ಬಿಳಿ ಕಡಲಹಕ್ಕಿಯದು. ಪಫಿನ್ ಪಾರಿವಾಳಕ್ಕಿಂತ ಚಿಕ್ಕದು, ಬಿರುಕಿನೊಳಗೆ ಅಡಗಿರುತ್ತದೆ. ಕಿತ್ತಳೆ ಬಣ್ಣದ ಕಾಲು ಹುಡುಕಿ.

ಹಿಂದೆ ಇಲ್ಲಿಯ ಜನ ಹಗ್ಗ ಕಟ್ಟಿಕೊಂಡು ಇಳಿದು ಮೊಟ್ಟೆ ತೆಗೆಯುತ್ತಿದ್ದರು. 1954ರ ಕಾನೂನು ಅದನ್ನು ನಿಲ್ಲಿಸಿತು.

ಲಂಡನ್‌ನಿಂದಾದರೆ ಹಲ್‌ವರೆಗೆ ರೈಲು, ಅಲ್ಲಿ ಬದಲಿಸಿ ಬೆಂಪ್ಟನ್. ನಿಲ್ದಾಣದಿಂದ ಸುಮಾರು ಎರಡೂವರೆ ಕಿಲೋಮೀಟರ್ ನಡಿಗೆ. ಒಂದೇ ದಿನದಲ್ಲಿ ಹೋಗಿಬರುವುದು ಸುಸ್ತು. ಪಕ್ಕದ ಬ್ರಿಡ್ಲಿಂಗ್ಟನ್‌ನಲ್ಲಿ ಒಂದು ರಾತ್ರಿ ಉಳಿದರೆ ಬೆಳಗ್ಗೆಯೂ ಸಿಗುತ್ತದೆ, ಸಂಜೆಯೂ ಸಿಗುತ್ತದೆ.