ಮೂಲನಿವಾಸಿಗಳು ತಾವೇ ತೆಗೆದ ಸಿನಿಮಾ: ಎಲ್ಲಿಂದ ಶುರು ಮಾಡೋದು, ಹೇಗೆ ನೋಡೋದು

ಮೊದಲು ಹುಡುಕುವ ರೀತಿ ಬದಲಿಸಿ. ಉದಾಹರಣೆಗೆ ಇನುಯಿಟ್ ಜನ, ಅಂದರೆ ಕೆನಡಾದ ಉತ್ತರದ ಹಿಮಪ್ರದೇಶದ ಮೂಲನಿವಾಸಿಗಳು. 'ಇನುಯಿಟ್ ಜನರ ಬಗ್ಗೆ ಸಿನಿಮಾ' ಅಂತ ಹುಡುಕಿದರೆ ಹೊರಗಿನವರು ಹೋಗಿ ತೆಗೆದುಕೊಂಡು ಬಂದ ಸಿನಿಮಾಗಳೇ ಜಾಸ್ತಿ ಸಿಗುತ್ತವೆ. 'ಇನುಯಿಟ್ ನಿರ್ದೇಶಕರು' ಅಂತ ಹುಡುಕಿ, ಪಟ್ಟಿಯೇ ಬೇರೆಯಾಗುತ್ತದೆ. ಸಿಕ್ಕ ಮೇಲೆ ಮೂರು ವಿಷಯ ನೋಡಿಕೊಳ್ಳಿ. ಬರೆದವರು ಯಾರು, ನಿರ್ದೇಶನ ಯಾರದ್ದು, ಪಾತ್ರಗಳು ಯಾವ ಭಾಷೆ ಆಡುತ್ತವೆ. ತೆರೆಯ ಮೇಲೆ ಮಾತ್ರ ಆ ಸಮುದಾಯದವರಿದ್ದು, ಹಿಂದೆ ಇರುವವರೆಲ್ಲ ಹೊರಗಿನವರಾದರೆ ಆ ಸಿನಿಮಾ ಚೆನ್ನಾಗಿರಬಹುದು, ಆದರೆ ನಾವು ಹುಡುಕುತ್ತಿರುವುದು ಅದಲ್ಲ.

ಇದಕ್ಕೆ ಯಾಕಿಷ್ಟು ಒತ್ತು ಅಂದರೆ, 1987ರಲ್ಲಿ 'ಙಾತಿ' ತೆಗೆದ ನ್ಯೂಜಿಲೆಂಡಿನ ಮಾವೊರಿ ನಿರ್ದೇಶಕ ಬ್ಯಾರಿ ಬಾರ್ಕ್ಲೇ ಒಂದು ಮಾತು ಹೇಳಿದ್ದರು. ಹಡಗೊಂದು ಮೊದಲ ಸಲ ದ್ವೀಪದ ಹತ್ತಿರ ಬರುತ್ತಿದೆ ಅಂದುಕೊಳ್ಳಿ. ನಾವು ನೋಡಿ ಬೆಳೆದ ಸಿನಿಮಾಗಳಲ್ಲಿ ಕ್ಯಾಮೆರಾ ಹಡಗಿನ ಮೇಲಿರುತ್ತದೆ. ದಡದಲ್ಲಿ ನಿಂತವರು ದೂರಕ್ಕೆ ಕಾಣುವ ಒಂದು ಗುಂಪು, ಅಷ್ಟೇ. ಅದೇ ಕ್ಯಾಮೆರಾ ದಡದವರ ಕೈಗೆ ಬಂದರೆ? ಅಂಥ ಸಿನಿಮಾಕ್ಕೆ ಅವರು 'ನಾಲ್ಕನೆಯ ಸಿನಿಮಾ' ಅಂತ ಹೆಸರಿಟ್ಟರು. ಬೇರೇನೂ ನೆನಪಿರದಿದ್ದರೂ ಪರವಾಗಿಲ್ಲ, ಕ್ಯಾಮೆರಾ ಹಡಗಿನ ಮೇಲಿದೆಯಾ ದಡದಲ್ಲಿದೆಯಾ ಅನ್ನುವ ಪ್ರಶ್ನೆ ಒಂದನ್ನು ಇಟ್ಟುಕೊಂಡು ಕೂತರೆ ಸಾಕು.

ಹತ್ತು ದೇಶದ ಹತ್ತು ಸಿನಿಮಾ ಪಟ್ಟಿ ಮಾಡಿಕೊಂಡು ಓಡಬೇಡಿ. ಒಬ್ಬರೇ ನಿರ್ದೇಶಕರನ್ನು ಹಿಡಿದುಕೊಳ್ಳಿ. ನನ್ನನ್ನು ಕೇಳಿದರೆ ಇನುಯಿಟ್ ನಿರ್ದೇಶಕ ಜಕರಾಯಸ್ ಕುನುಕ್. ಇವರದು ಕೆನಡಾದ ಉತ್ತರ ತುದಿಯ ಇಗ್ಲೂಲಿಕ್ ಅನ್ನುವ ಊರು. ತಮ್ಮ ಭಾಷೆಯ ಒಂದು ಕಾರ್ಯಕ್ರಮವೂ ಇಲ್ಲ ಅಂತ 1970ರ ದಶಕದಲ್ಲಿ ಎರಡು ಸಲ ಮತ ಹಾಕಿ ಟಿವಿಯನ್ನೇ ಬೇಡ ಅಂದ ಊರು ಅದು. ಕುನುಕ್ ಕಲ್ಲಿನಲ್ಲಿ ಶಿಲ್ಪ ಕೆತ್ತುತ್ತಿದ್ದರು. 1981ರಲ್ಲಿ ಅವನ್ನು ಮಾಂಟ್ರಿಯಲ್‌ನಲ್ಲಿ ಮಾರಿ, ಬಂದ ದುಡ್ಡಲ್ಲಿ ವಿಡಿಯೊ ಕ್ಯಾಮೆರಾ ಕೊಂಡರು. ಅಲ್ಲಿಂದ ಇಪ್ಪತ್ತು ವರ್ಷಕ್ಕೆ, 2001ರಲ್ಲಿ 'ಅಟನಾರ್ಜುವಾಟ್: ದಿ ಫಾಸ್ಟ್ ರನ್ನರ್' ಬಂತು. ಪೂರ್ತಿ ಇನುಕ್ಟಿಟುಟ್‌ನಲ್ಲಿ, ಅಂದರೆ ಇನುಯಿಟ್ ಜನರ ಭಾಷೆಯಲ್ಲಿ, ಬಂದ ಮೊದಲ ಕಥಾಚಿತ್ರ ಅದು. ಕಾನ್ ಚಿತ್ರೋತ್ಸವದಲ್ಲಿ ಮೊದಲ ಸಿನಿಮಾಕ್ಕೆ ಕೊಡುವ ಕ್ಯಾಮೆರಾ ದೋರ್ ಪ್ರಶಸ್ತಿಯೂ ಅದಕ್ಕೇ ಸಿಕ್ಕಿತು.

ಹೆಚ್ಚಿನವರು ಇದನ್ನು ಅರ್ಧ ಗಂಟೆಯೊಳಗೆ ಬಿಟ್ಟುಬಿಡುತ್ತಾರೆ. ನಾನೂ ಮೊದಲ ಸಲ ಹಾಗೇ ಬಿಟ್ಟಿದ್ದೆ. ಹಿಮದ ಮನೆಯ ಮಂದ ಬೆಳಕು, ಒಬ್ಬ ಅಪರಿಚಿತ ಮಾಂತ್ರಿಕ, ಒಂದು ಸಾವು, ಸಾಲು ಸಾಲು ಹೆಸರು, ಯಾರು ಯಾರ ಮಗ ಅಂತ ಗೊತ್ತಾಗುವ ಮೊದಲೇ ಮಕ್ಕಳು ಬೆಳೆದು ನಿಂತಿರುತ್ತಾರೆ. ಅದಕ್ಕೊಂದು ಸುಲಭದ ದಾರಿ ಇದೆ. ಒಂದು ಚೀಟಿ ಇಟ್ಟುಕೊಳ್ಳಿ. ಒಂದು ಕಡೆ ತುಲಿಮಾಕ್, ಅವನ ಇಬ್ಬರು ಗಂಡುಮಕ್ಕಳು ಅಮಾಕ್ಜುವಾಕ್ ಮತ್ತು ಅಟನಾರ್ಜುವಾಟ್ ಅಂತ ಬರೆಯಿರಿ. ಇನ್ನೊಂದು ಕಡೆ ಸೌರಿ, ಅವನ ಮಗ ಓಕಿ. ನಡುವೆ ಅಟುವಾಟ್ ಅನ್ನುವ ಹುಡುಗಿ. ಇಷ್ಟಿದ್ದರೆ ಉಳಿದದ್ದು ತಾನಾಗಿ ಹಿಡಿತಕ್ಕೆ ಬರುತ್ತದೆ. ಸುಮಾರು ಮೂರು ಗಂಟೆಯ ಸಿನಿಮಾ. ಎರಡು ರಾತ್ರಿಗೆ ಹಂಚಿಕೊಂಡು ನೋಡಿದರೂ ಏನೂ ತಪ್ಪಿಲ್ಲ, ಆದರೆ ಓಡಿಸಿಕೊಂಡು ನೋಡಬೇಡಿ, ಅವರು ನಡೆಯುವ ವೇಗದಲ್ಲೇ ಅಲ್ಲಿ ಕಥೆಯೂ ನಡೆಯುತ್ತದೆ.

ಒಂದು ಕಡೆ ಮುದುಕಿಯೊಬ್ಬಳು ಪುಟ್ಟ ಹುಡುಗಿಯನ್ನು 'ನನ್ನ ಪುಟ್ಟ ಅಮ್ಮ' ಅಂತ ಕರೆಯುತ್ತಾಳೆ. ಸಬ್‌ಟೈಟಲ್ ತಪ್ಪಾಗಿದೆ ಅಂದುಕೊಳ್ಳಬೇಡಿ. ತೀರಿಹೋದ ಅವಳ ತಾಯಿಯ ಹೆಸರನ್ನೇ ಆ ಮಗುವಿಗೆ ಇಟ್ಟಿದ್ದಾರೆ, ಹೆಸರಿನ ಜೊತೆ ಸಂಬಂಧವೂ ಬಂದಿದೆ. ಯಾರೂ ಇದನ್ನು ನಿಮಗೆ ವಿವರಿಸುವುದಿಲ್ಲ. ಯಾಕಂದರೆ ಸಿನಿಮಾ ಮೊದಲು ಮಾತಾಡುತ್ತಿರುವುದು ಅದು ಗೊತ್ತಿರುವವರ ಜೊತೆ. ಕ್ಯಾಮೆರಾ ದಡದಲ್ಲಿದೆ ಅಂದರೆ ಇದೇ ಅಲ್ವಾ?

ಅದಾದ ಮೇಲೆ ಕುನುಕ್ ಅವರದೇ 2019ರ 'ಒನ್ ಡೇ ಇನ್ ದಿ ಲೈಫ್ ಆಫ್ ನೋವಾ ಪಿಯುಗಾಟುಕ್' ನೋಡಿ. 1961. ನಾಯಿ ಎಳೆಯುವ ಗಾಡಿಯಲ್ಲಿ ಬಂದ ಬಿಳಿಯ ಅಧಿಕಾರಿ, ಊರಿಗೆ ಬಂದು ನೆಲೆಸಿ, ಮಕ್ಕಳನ್ನು ಶಾಲೆಗೆ ಕಳಿಸಿ ಅಂತ ಇನುಯಿಟ್ ಬೇಟೆಗಾರ ನೋವಾನಿಗೆ ಹೇಳುತ್ತಾನೆ. ನಡುವೆ ಒಬ್ಬ ದುಭಾಷಿ. ಹಿಮದ ಮೇಲೆ ಕೂತು ಚಹಾ ಕುಡಿಯುತ್ತಾ ಆಡುವ ಆ ಒಂದೇ ಮಾತುಕತೆ ಸಿನಿಮಾದ ದೊಡ್ಡ ಭಾಗ. ಇಲ್ಲಿ ಸಬ್‌ಟೈಟಲನ್ನು ಎರಡು ಸಲ ಓದಿ. ಅಧಿಕಾರಿ ಹೇಳಿದ್ದೊಂದು, ದುಭಾಷಿ ದಾಟಿಸಿದ್ದು ಇನ್ನೊಂದು. ಎರಡು ಕಡೆಯೂ ಪೂರ್ತಿ ಗೊತ್ತಿರುವುದು ನೋಡುವ ನಿಮಗೆ ಮಾತ್ರ. ಡಬ್ ಮಾಡಿದ ಪ್ರತಿಯಲ್ಲಿ ಇದೆಲ್ಲ ಸತ್ತೇ ಹೋಗುತ್ತದೆ. ಹಾಗಾಗಿ ಡಬ್ ಬೇಡವೇ ಬೇಡ.

ಇಂಥ ಸಿನಿಮಾ ಅಂದರೆ ಬರೀ ನೋವು, ಬರೀ ಮೌನ ಅನ್ನುವ ಭಾವನೆ ಇದ್ದರೆ ಜೆಫ್ ಬಾರ್ನಬಿ ಅವರ 'ಬ್ಲಡ್ ಕ್ವಾಂಟಮ್' ನೋಡಿ, 2019ರದ್ದು. ಇವರು ಕೆನಡಾದ ಮಿಗ್ಮಾ ಅನ್ನುವ ಮೂಲನಿವಾಸಿ ಸಮುದಾಯದವರು, 2022ರಲ್ಲಿ ತೀರಿಕೊಂಡರು. ಇದು ಜಾಂಬಿ ಸಿನಿಮಾ, ರಕ್ತ ಸಿಕ್ಕಾಪಟ್ಟೆ. ಎಲ್ಲರಿಗೂ ಆ ಸೋಂಕು ತಗಲುತ್ತದೆ, ಮೂಲನಿವಾಸಿಗಳಿಗೆ ಮಾತ್ರ ತಗಲುವುದಿಲ್ಲ. ಶುರುವಿನಲ್ಲೇ, ಹೊಟ್ಟೆ ಸೀಳಿ ಶುಚಿ ಮಾಡಿಟ್ಟ ಸಾಲ್ಮನ್ ಮೀನುಗಳು ಮತ್ತೆ ಒದ್ದಾಡತೊಡಗುತ್ತವೆ. ಸುಮ್ನೆ ಹೆದರಿಸೋಕೆ ಅಂತ ನಾನೂ ಅಂದುಕೊಂಡಿದ್ದೆ. ಆಮೇಲೆ ಅಲಾನಿಸ್ ಒಬೊಮ್ಸಾವಿನ್ ಅವರ 1984ರ ಸಾಕ್ಷ್ಯಚಿತ್ರ 'ಇನ್ಸಿಡೆಂಟ್ ಆಟ್ ರೆಸ್ಟಿಗೂಷ್' ನೋಡಿದೆ. 1981ರಲ್ಲಿ ಸಾಲ್ಮನ್ ಹಿಡಿಯುವ ಹಕ್ಕಿನ ವಿಚಾರಕ್ಕೆ ಕೆನಡಾದ ಕ್ವಿಬೆಕ್ ಪ್ರಾಂತ್ಯದ ಪೊಲೀಸರು ಮಿಗ್ಮಾ ಜನರ ರೆಸ್ಟಿಗೂಷ್ ಊರಿಗೆ ನುಗ್ಗಿದ್ದರು. ಬಾರ್ನಬಿ ತಮ್ಮ ಕಥೆಯನ್ನು ಇಟ್ಟಿರುವುದೂ 1981ರಲ್ಲೇ. ಇದು ಗೊತ್ತಾದ ಮೇಲೆ ಆ ಮೀನು ಬರೀ ಮೀನಾಗಿ ಕಾಣುವುದಿಲ್ಲ. ಅದಕ್ಕೇ ಹೇಳುವುದು, ಒಂದು ಕಥಾಚಿತ್ರಕ್ಕೆ ಒಂದು ಸಾಕ್ಷ್ಯಚಿತ್ರ ಜೋಡಿ ಮಾಡಿಕೊಳ್ಳಿ. ಆದರೆ ಮೊದಲು ಕಥೆ, ಆಮೇಲೆ ಹಿನ್ನೆಲೆ. ಮೊದಲೇ ಎಲ್ಲ ಓದಿಕೊಂಡು ಕೂತರೆ ಸಿನಿಮಾ ಪಾಠವಾಗಿಬಿಡುತ್ತದೆ, ಮನುಷ್ಯರು ಕಾಣುವುದಿಲ್ಲ.

ಕ್ಯಾಮೆರಾ ಎಲ್ಲಿದೆ ಅಂತ ಗಮನಿಸುವ ಅಭ್ಯಾಸಕ್ಕೆ ಅಮಂಡಾ ಕೆರ್ನೆಲ್ ಅವರ 'ಸಾಮಿ ಬ್ಲಡ್' (2016) ಒಳ್ಳೆಯದು. 1930ರ ದಶಕದ ಸ್ವೀಡನ್. ಸಾಮಿ ಅಂದರೆ ಉತ್ತರ ಯುರೋಪಿನ ಮೂಲನಿವಾಸಿಗಳು. ಅವರ ಮಕ್ಕಳ ವಸತಿ ಶಾಲೆಗೆ ಅಧಿಕಾರಿಗಳು ಬಂದು, ಮಕ್ಕಳ ತಲೆ ಅಳೆದು ಫೋಟೊ ತೆಗೆಯುತ್ತಾರೆ. ಆ ದೃಶ್ಯದಲ್ಲಿ ಎರಡು ಕ್ಯಾಮೆರಾ ಇವೆ. ಒಂದು ಅಧಿಕಾರಿಗಳದ್ದು, ಇನ್ನೊಂದು ಕೆರ್ನೆಲ್ ಅವರದ್ದು. ಎರಡನೆಯದು ಹುಡುಗಿಯ ಪಕ್ಕ ನಿಲ್ಲುತ್ತದೆ. ಬೇಕಾದರೆ ನಿಲ್ಲಿಸಿ, ಹಿಂದೆ ಹೋಗಿ, ಇನ್ನೊಮ್ಮೆ ನೋಡಿ.

ಆಸ್ಟ್ರೇಲಿಯಾದ ವಾರ್ವಿಕ್ ಥಾರ್ನ್‌ಟನ್ ಅವರ 'ಸ್ಯಾಮ್ಸನ್ ಅಂಡ್ ಡಿಲೈಲಾ' (2009) ಸಬ್‌ಟೈಟಲ್ ಓದಲು ಬೇಸರ ಅನ್ನುವವರಿಗೆ ಸರಿ, ಮಾತೇ ಕಮ್ಮಿ. ಆದರೆ ತುಂಬಾ ಕಲಕುತ್ತದೆ, ಮನಸ್ಸು ಗಟ್ಟಿ ಇರುವ ದಿನ ನೋಡಿ.

ಎಲ್ಲಿ ಸಿಗುತ್ತವೆ? ಒಬೊಮ್ಸಾವಿನ್ ಅವರ ಎಷ್ಟೋ ಸಾಕ್ಷ್ಯಚಿತ್ರಗಳು ಕೆನಡಾದ ನ್ಯಾಷನಲ್ ಫಿಲ್ಮ್ ಬೋರ್ಡ್ ಜಾಲತಾಣದಲ್ಲಿ ಉಚಿತವಾಗಿವೆ. ಕುನುಕ್ ಮತ್ತು ಗೆಳೆಯರು 1990ರಲ್ಲಿ ಶುರು ಮಾಡಿದ ಇಸುಮಾ ಸಂಸ್ಥೆಗೆ ತನ್ನದೇ ಜಾಲತಾಣ ಇದೆ. ಹೊಸ ಹೆಸರುಗಳು ಬೇಕಿದ್ದರೆ ಟೊರಾಂಟೊದ ಇಮ್ಯಾಜಿನ್‌ನೇಟಿವ್ ಚಿತ್ರೋತ್ಸವದ ಹಳೆಯ ವರ್ಷಗಳ ಪಟ್ಟಿ ತೆಗೆದು ನೋಡಿ, ಯಾವ ಒಟಿಟಿಯ ಶಿಫಾರಸಿಗಿಂತಲೂ ಅದು ಮೇಲು. ಸಿಗಲಿಲ್ಲ ಅಂತ ಕೈಬಿಡಬೇಡಿ, ಹೆಸರು ಬರೆದಿಟ್ಟುಕೊಂಡು ಕೆಲವು ತಿಂಗಳಿಗೊಮ್ಮೆ ಹುಡುಕಿ. ಮೂಲನಿವಾಸಿಗಳ ಸಿನಿಮಾ ಅಲ್ಲದಿದ್ದರೂ ಇದಕ್ಕೊಂದು ಉದಾಹರಣೆ ಹೇಳುತ್ತೇನೆ. ಕಪ್ಪು ಅಮೆರಿಕನ್ ನಿರ್ದೇಶಕ ಚಾರ್ಲ್ಸ್ ಬರ್ನೆಟ್ 1970ರ ದಶಕದಲ್ಲೇ 'ಕಿಲ್ಲರ್ ಆಫ್ ಶೀಪ್' ಮುಗಿಸಿದ್ದರು. ಅದರಲ್ಲಿ ಬಳಸಿದ ಹಾಡುಗಳ ಹಕ್ಕು ಬಗೆಹರಿಯದೆ ಅದು ಚಿತ್ರಮಂದಿರಕ್ಕೆ ಸರಿಯಾಗಿ ಬಂದದ್ದು 2007ರಲ್ಲಿ. ಇಷ್ಟು ವರ್ಷ ಕಾಣದೇ ಇದ್ದ ಸಿನಿಮಾ ಅದು, ಮಕ್ಕಳು ಒಂದು ಮಾಳಿಗೆಯಿಂದ ಇನ್ನೊಂದಕ್ಕೆ ಹಾರುವ ಆ ಒಂದು ನೋಟಕ್ಕಾದರೂ ನೋಡಲೇಬೇಕು.

ಇನ್ನೊಂದು ಮಾತು. ಯಾವುದೇ ಸಿನಿಮಾ ಇರಲಿ, ಕೊನೆಯಲ್ಲಿ ಹೆಸರುಗಳು ಬರುವಾಗ ಎದ್ದು ಹೋಗಬೇಡಿ. 'ಅಟನಾರ್ಜುವಾಟ್'ನಲ್ಲಂತೂ ಖಂಡಿತ ಬೇಡ. ಮೂರು ಗಂಟೆ ನಮ್ಮನ್ನು ಎಷ್ಟೋ ಶತಮಾನ ಹಿಂದಕ್ಕೆ ಕರೆದೊಯ್ದ ಅದೇ ಮಂಜಿನ ಮೇಲೆ, ಹೆಸರುಗಳ ಜೊತೆ, ಇವತ್ತಿನ ಬಟ್ಟೆ ತೊಟ್ಟ, ಕಪ್ಪು ಕನ್ನಡಕ ಹಾಕಿದ ಜನ ಕಾಣುತ್ತಾರೆ. ಹಿಮದ ಮೇಲೆ ಎಳೆಯುವ ಗಾಡಿಯಲ್ಲಿ ಕ್ಯಾಮೆರಾ ಇಟ್ಟುಕೊಂಡಿದ್ದಾರೆ, ನಗುತ್ತಿದ್ದಾರೆ, ಕೆಲಸ ಮಾಡುತ್ತಿದ್ದಾರೆ.