ಲಿನ್‌ಲಿತ್‌ಗೋ ಊರಿನ ಸುತ್ತ ಮೌಂಟನ್ ಬೈಕ್: ನಾನು ಕಲಿತದ್ದು ಹೀಗೆ

ಮೊದಲೇ ಹೇಳಿಬಿಡುತ್ತೇನೆ, ನಾನು ಹಾರುವವನಲ್ಲ. ವಿಡಿಯೊಗಳಲ್ಲಿ ಬಂಡೆ ಮೇಲಿಂದ ಸೈಕಲ್ ಸಮೇತ ಜಿಗಿಯುತ್ತಾರಲ್ಲ, ಅವರ ಜಾತಿಯೇ ಬೇರೆ. ನಾನು ನಲವತ್ತೆರಡನೇ ವಯಸ್ಸಿಗೆ ಮೌಂಟನ್ ಬೈಕ್ ಕೊಂಡವನು. ಶನಿವಾರ ಬೆಳಿಗ್ಗೆ ಮೂರು ಗಂಟೆ ತುಳಿದು ಊಟದ ಹೊತ್ತಿಗೆ ಮನೆ ಸೇರುತ್ತೇನೆ. ಈ ಕಡೆ ಕೆಲಸಕ್ಕೆ ಬಂದ ಕನ್ನಡದ ಗೆಳೆಯರು "ಸೈಕಲ್ ತಗೋಬೇಕು ಅಂತಿದ್ದೀವಿ, ಹೇಗೆ ಶುರು ಮಾಡೋದು?" ಅಂತ ಕೇಳುತ್ತಲೇ ಇರುತ್ತಾರೆ. ಅವರಿಗೆ ಫೋನಲ್ಲಿ ಚೂರು ಚೂರು ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ.

ಲಿನ್‌ಲಿತ್‌ಗೋ ಅಂದರೆ ಸ್ಕಾಟ್ಲೆಂಡಿನ ಎಡಿನ್‌ಬರಾದಿಂದ ರೈಲಲ್ಲಿ ಸುಮಾರು 20 ನಿಮಿಷದ ಪುಟ್ಟ ಊರು. 1542ರಲ್ಲಿ ಸ್ಕಾಟ್ಲೆಂಡಿನ ರಾಣಿ ಮೇರಿ ಹುಟ್ಟಿದ ಅರಮನೆ ಇಲ್ಲಿದೆ, ಈಗ ಚಾವಣಿ ಇಲ್ಲ, ಗೋಡೆ ಮಾತ್ರ. ಅರಮನೆಯ ಬುಡಕ್ಕೇ ದೊಡ್ಡ ಕೆರೆ. ಇಲ್ಲಿನವರು 'ಲಾಖ್' ಅನ್ನುತ್ತಾರೆ, ಕೊನೆಯ ಅಕ್ಷರವನ್ನು ಗಂಟಲಿನ ಆಳದಿಂದ ತೆಗೆಯಬೇಕು, ನಾನು ಇನ್ನೂ 'ಲಾಕ್' ಅಂತಲೇ ಹೇಳಿ ನಗಿಸುತ್ತೇನೆ. ಊರಿನ ಹೆಸರಿಗೆ 'ತೇವದ ತಗ್ಗಿನ ಕೆರೆ' ಅಂತ ಅರ್ಥವಂತೆ. ನಮ್ಮ ಅರಸೀಕೆರೆ, ದಾವಣಗೆರೆ ಥರಾನೇ ಅಲ್ವಾ! ಆದರೆ ಆ 'ತಗ್ಗು' ಅನ್ನುವ ಪದ ಸೈಕಲ್ ಕೊಂಡ ಮೇಲೆ ಸರಿಯಾಗಿ ಅರ್ಥವಾಯಿತು. ಕಾಡು ಇರುವುದು ದಕ್ಷಿಣದ ಗುಡ್ಡದ ಮೇಲೆ. ಮನೆಯಿಂದ ಹೊರಟು ಹತ್ತು ನಿಮಿಷಕ್ಕೇ ಏರು ಶುರು.

ಮೊದಲ ತಪ್ಪು ಸೈಕಲ್ಲಿನಲ್ಲೇ ಆಯಿತು. ನಾನು ಐದಡಿ ಆರು ಇಂಚು. ಅಂಗಡಿಯವರು ಸ್ಟಾಕ್ ಖಾಲಿ ಮಾಡುವ ಆತುರದಲ್ಲಿ ದೊಡ್ಡ ಫ್ರೇಮಿನದ್ದನ್ನು ರಿಯಾಯಿತಿಯಲ್ಲಿ ಕೊಟ್ಟರು, ನಾನೂ ಕಡಿಮೆಗೆ ಸಿಕ್ಕಿತು ಅಂತ ಹಲ್ಲು ಕಿರಿದು ತಂದೆ. ಎರಡು ತಿಂಗಳು ಹ್ಯಾಂಡಲ್ಲಿಗೆ ಕೈ ಚಾಚಿ ಚಾಚಿ ಬೆನ್ನು ಹಿಡಿದುಕೊಂಡಿತು. ಮಾರಿ, ನನ್ನ ಅಳತೆಯ ಹಳೇ ಸೈಕಲ್ ತಗೊಂಡೆ: ಮುಂದಕ್ಕೆ ಮಾತ್ರ ಸಸ್ಪೆನ್ಷನ್, 29 ಇಂಚಿನ ಚಕ್ರ, ಡಿಸ್ಕ್ ಬ್ರೇಕ್. ಈ ಕಡೆಯ ದಾರಿಗಳಿಗೆ ಅಷ್ಟೇ ಸಾಕು. ಹಿಂದೆಯೂ ಸಸ್ಪೆನ್ಷನ್ ಇರುವುದನ್ನು ಕೊಂಡರೆ ದುಡ್ಡೂ ಜಾಸ್ತಿ, ತೊಳೆಯುವುದೂ ಜಾಸ್ತಿ.

ಮೊದಲ ತಿಂಗಳು ಕೆರೆ ಸುತ್ತಿದೆ, ಅಷ್ಟೇ. ಸುಮಾರು ಮೂರೂವರೆ ಕಿಲೋಮೀಟರಿನ ಸುತ್ತು. ಬೆಳಿಗ್ಗೆ ಏಳಕ್ಕೆ ಮೊದಲು ಹೋಗುತ್ತಿದ್ದೆ, ಆಮೇಲೆ ನಾಯಿ ಹಿಡಿದವರು, ಮಕ್ಕಳ ಗಾಡಿ ತಳ್ಳುವವರು, ದಾರಿಗೆ ಅಡ್ಡ ನಿಂತು ನಮ್ಮನ್ನೇ ಗದರಿಸುವ ಹಂಸಗಳು. ಅಲ್ಲಿ ವೇಗ ಬರಲಿಲ್ಲ, ನಿಧಾನ ಬಂತು. ನಡಿಗೆಯ ವೇಗದಲ್ಲಿ ಕಾಲು ನೆಲಕ್ಕೆ ತಾಗಿಸದೆ ಸೈಕಲ್ ನಿಭಾಯಿಸುವುದು ಕಷ್ಟ, ಕಾಡಿನಲ್ಲಿ ಅದೇ ಬೇಕಾಗುವುದು. ಬೆಲ್ ಕೂಡ ಇಲ್ಲೇ ಹಾಕಿಸಿದ್ದು. ಒಬ್ಬ ಅಜ್ಜ ತಿರುಗಿ ನಿಂತು "ನೀನು ಬಂದದ್ದು ನನ್ನ ನಾಯಿಗೆ ಗೊತ್ತಾಯ್ತು ಕಣಪ್ಪ, ನನಗೆ ಗೊತ್ತಾಗಲಿಲ್ಲ" ಅಂದರು. ಸಂಜೆಯೇ ಬೆಲ್ ಬಂತು.

ಎರಡನೇ ಮೆಟ್ಟಿಲು ಯೂನಿಯನ್ ಕಾಲುವೆ. ಇದು 1822ರಲ್ಲಿ ತೆರೆದದ್ದು, ಬೆಟ್ಟದ ಮಟ್ಟ ಹಿಡಿದುಕೊಂಡೇ ಸಾಗುವುದರಿಂದ ಏರಿಳಿತ ಇಲ್ಲವೇ ಇಲ್ಲ. ಹಿಂದೆ ಕುದುರೆಗಳು ದೋಣಿ ಎಳೆಯುತ್ತಿದ್ದ ದಂಡೆಯ ದಾರಿಯಲ್ಲಿ ಈಗ ನಾವು. ಪಶ್ಚಿಮಕ್ಕೆ ಹೋದರೆ ಏವನ್ ನದಿಯ ಮೇಲಿನ ಮೇಲ್ಗಾಲುವೆ (ಕಾಲುವೆಯನ್ನೇ ಹೊತ್ತ ಸೇತುವೆ) ಬರುತ್ತದೆ, 12 ಕಮಾನು, ಸುಮಾರು 250 ಮೀಟರ್ ಉದ್ದ, 26 ಮೀಟರ್ ಎತ್ತರ. ಅದರ ಮೇಲೆ ದಾರಿ ಕಿರಿದು, ನೆಲಕ್ಕೆ ಕಲ್ಲು ಹಾಸಿದೆ, ಮಳೆ ಬಂದರೆ ಸೋಪು ಹಚ್ಚಿದ ಹಾಗೆ. ಒಂದು ಪಕ್ಕ ನೀರು, ಇನ್ನೊಂದು ಪಕ್ಕ ಕಂಬಿ, ಕಂಬಿಯಾಚೆ ಮರಗಳ ನೆತ್ತಿ. ಇಳಿದು ತಳ್ಳಿಕೊಂಡೇ ಹೋಗಿ, ಇದರಲ್ಲಿ ಅವಮಾನ ಏನೂ ಇಲ್ಲ. ಅಲ್ಲಿಂದ ಮೆಟ್ಟಿಲಿಳಿದು ನದಿ ಪಕ್ಕ ಹೋದರೆ ಮುಯಿರೇವನ್‌ಸೈಡ್ ಕಂಟ್ರಿ ಪಾರ್ಕ್. ಸೈಕಲ್ ಹೆಗಲ ಮೇಲೆ ಹೊತ್ತು ಇಳಿಯಬೇಕು. ಕಾಡು ಚೆಂದ, ಆದರೆ ಭಾನುವಾರ ಜನ ಜಾಸ್ತಿ, ನಾನು ಹೋಗುವುದು ಅಪರೂಪ.

ಇಷ್ಟೆಲ್ಲ ಕಡೆ ಸೈಕಲ್ ಹೊಡೆಯಲು ಯಾರೂ ತಡೆಯುವುದಿಲ್ಲವಾ ಅಂತ ಕೇಳುತ್ತೀರಿ. ಸ್ಕಾಟ್ಲೆಂಡಿನಲ್ಲಿ 2003ರ ಭೂ ಸುಧಾರಣಾ ಕಾಯ್ದೆ ಇದೆ. ಜವಾಬ್ದಾರಿಯಿಂದ ನಡೆದುಕೊಂಡರೆ ಬಹುತೇಕ ಭೂಮಿಯಲ್ಲಿ ನಡೆಯಬಹುದು, ಸೈಕಲ್ಲೂ ಹೊಡೆಯಬಹುದು. ಮನೆಯಂಗಳ, ಬೆಳೆ ನಿಂತ ಗದ್ದೆಗಳಿಗೆ ನುಗ್ಗುವ ಹಾಗಿಲ್ಲ. ನೀವೇ ತೆರೆದ ಗೇಟನ್ನು ನೆನಪಿಟ್ಟು ಮುಚ್ಚಬೇಕು. ನೀವು ಗೇಟು ಮುಚ್ಚದೆ ಹೋದರೆ ರೈತನಿಗೆ ಅರ್ಧ ದಿನ ಕುರಿ ಹುಡುಕುವ ಕೆಲಸ.

ಈಗ ಗುಡ್ಡ. ಊರಿಂದ ಪ್ರೆಸ್ಟನ್ ರೋಡ್ ಹಿಡಿದು ಕಾಲುವೆ ದಾಟಿದರೆ ಬೀಕ್ರೇಗ್ಸ್ ಕಂಟ್ರಿ ಪಾರ್ಕಿಗೆ ಮೂರು ಕಿಲೋಮೀಟರ್ ಆಸುಪಾಸು, ಪೂರ್ತಿ ಏರು. ಮೊದಲ ದಿನ ಮೂರು ಸಲ ಇಳಿದೆ, ಮೂರನೇ ಸಲ ಬೇಲಿ ಹಿಡಿದು ನಿಂತು ಬೆಳಗಿನ ಉಪ್ಪಿಟ್ಟು ಎಲ್ಲಿ ಆಚೆ ಬರುತ್ತದೋ ಅಂದುಕೊಂಡೆ. ತಪ್ಪು ಸಣ್ಣದೇ: ಎದುರಿಗೆ ಏರು ಕಂಡ ಕೂಡಲೇ ಎದ್ದು ನಿಂತು ಜೋರಾಗಿ ತುಳಿಯುತ್ತಿದ್ದೆ, ಉಸಿರು ಹೋದ ಮೇಲೆ ಗೇರ್ ಬದಲಿಸುತ್ತಿದ್ದೆ. ಚೈನಿನ ಮೇಲೆ ಭಾರ ಬಿದ್ದಾಗ ಗೇರ್ ಹಾಕಿದರೆ ಅದು 'ಕಟಕ್' ಅಂತ ಅಳುತ್ತದೆ, ಒಂದು ಸಲ ಕಳಚಿಯೂ ಬಿತ್ತು. ಈಗ ಏರು ಬರುವ ಮುಂಚೆಯೇ ಹಗುರ ಗೇರಿಗೆ ಬರುತ್ತೇನೆ, ಸೀಟಿನ ಮುಂದಿನ ತುದಿಗೆ ಜಾರಿ ಕೂರುತ್ತೇನೆ, ಪಕ್ಕದಲ್ಲಿ ಯಾರಾದರೂ ಇದ್ದರೆ ಮಾತಾಡಬಹುದಾದ ವೇಗದಲ್ಲಿ ತುಳಿಯುತ್ತೇನೆ. ನಾಲ್ಕನೇ ವಾರಕ್ಕೆ ಇಳಿಯದೆ ಹತ್ತಿದೆ. ಮೇಲೆ ಯಾರೂ ಇರಲಿಲ್ಲ ಚಪ್ಪಾಳೆ ತಟ್ಟಲು, ಒಂದು ಹೈಲ್ಯಾಂಡ್ ಹಸು ಮಾತ್ರ ಕಣ್ಣ ಮೇಲಿನ ಕೂದಲ ಸಂದಿಯಿಂದ ನೋಡುತ್ತಿತ್ತು.

ಬೀಕ್ರೇಗ್ಸ್ ನನಗೆ ತುಂಬಾ ಇಷ್ಟ. ಪೈನ್, ಸ್ಪ್ರೂಸ್ ಮರಗಳ ಕತ್ತಲೆ, ನಡುವೆ ಒಂದು ಲಾಖ್. ಅದು ತಾನಾಗಿ ಆದ ಕೆರೆಯಲ್ಲ, ಮೊದಲ ಮಹಾಯುದ್ಧದ ಕಾಲದಲ್ಲಿ ಜರ್ಮನ್ ಯುದ್ಧಕೈದಿಗಳ ಕೈಯಲ್ಲಿ ಕಟ್ಟಿಸಿದ್ದು. ದಂಡೆಯ ದಾರಿ ಸಲೀಸು, ಮಕ್ಕಳೂ ಬರುತ್ತಾರೆ. ಕಾಡೊಳಗಿನ ದಾರಿಗಳೇ ಬೇರೆ ಕಥೆ: ಕಪ್ಪು ಮಣ್ಣು, ಅಡ್ಡಡ್ಡ ಬೇರು, ವರ್ಷದಲ್ಲಿ ಒಂಬತ್ತು ತಿಂಗಳು ಒದ್ದೆ.

ನಾನು ಬಿದ್ದದ್ದು ಅಂಥ ಬೇರಿನ ಮೇಲೇ. ಅಕ್ಟೋಬರ್, ಹಿಂದಿನ ರಾತ್ರಿ ಮಳೆ. ಸಣ್ಣ ಇಳಿಜಾರಿನಲ್ಲಿ ನನ್ನ ಮಣಿಕಟ್ಟಿನಷ್ಟು ದಪ್ಪದ ಬೇರು, ಸಿಪ್ಪೆ ಸುಲಿದು ಹೊಳೆಯುತ್ತಿತ್ತು, ದಾರಿಗೆ ನೇರ ಅಡ್ಡ ಅಲ್ಲ, ಓರೆಯಾಗಿ. ಹೆದರಿ ಅದನ್ನೇ ನೋಡಿದೆ, ನೋಡಿದ ಕಡೆಗೇ ಸೈಕಲ್ ಹೋಯಿತು, ಬೇರಿನ ಮೇಲೇ ಮುಂದಿನ ಬ್ರೇಕ್ ಹಿಡಿದೆ. ಮುಂದಿನ ಚಕ್ರ ಬೇರಿನ ಗುಂಟ ಜಾರಿತು, ಮರುಕ್ಷಣ ನಾನು ತರಗೆಲೆ ಮೇಲೆ ಮಲಗಿದ್ದೆ, ಬಾಯಲ್ಲಿ ಪೈನ್ ಎಲೆ. ಮೊಣಕೈ ತರಚಿತು, ಹೆಲ್ಮೆಟ್ಟಿನ ಪಕ್ಕದಲ್ಲಿ ಬಿರುಕು. ಆ ಬಿರುಕು ತಲೆಯಲ್ಲಿ ಇರಬೇಕಿತ್ತು ಅಂದುಕೊಂಡಾಗ ಮಾತ್ರ ಕೈ ನಡುಗಿತು. ಹೆಲ್ಮೆಟ್ ಎಸೆದು ಹೊಸದು ತಂದೆ, ಬಿರುಕು ಬಿಟ್ಟದ್ದನ್ನು ಮತ್ತೆ ಹಾಕಿಕೊಳ್ಳಬೇಡಿ.

ಅದೇ ಬೇರಿನ ಹತ್ತಿರ ಮುಂದಿನ ಶನಿವಾರ ಹೋಗಿ ಆರು ಸಲ ದಾಟಿದೆ. ಮಾಡಬೇಕಾದದ್ದು ಇಷ್ಟೇ: ಬ್ರೇಕ್ ಹಿಡಿಯುವುದಿದ್ದರೆ ಬೇರಿಗೆ ಮುಂಚೆಯೇ ಹಿಡಿದು ಮುಗಿಸಿ, ಬೇರಿನ ಮೇಲೆ ಬೆರಳು ಬಿಟ್ಟುಬಿಡಿ. ಎರಡೂ ಪೆಡಲ್ ಸಮ ಮಟ್ಟದಲ್ಲಿಟ್ಟು ಸೀಟಿಂದ ಎದ್ದು ನಿಲ್ಲಿ, ಮೊಣಕಾಲು ಮೊಣಕೈ ಸಡಿಲ ಇರಲಿ. ಚಕ್ರ ಆದಷ್ಟು ನೇರವಾಗಿ ದಾಟಲಿ. ಕಣ್ಣು ಬೇರಿನ ಮೇಲಲ್ಲ, ಅದರಾಚೆ ನಾಲ್ಕು ಮೀಟರ್ ದೂರದಲ್ಲಿ. ಎರಡನೇ ಸಲವೂ ಕಾಲು ಊರಿದೆ, ಆರನೇ ಸಲ ಬೇರು ಇತ್ತೋ ಇಲ್ಲವೋ ಗೊತ್ತಾಗಲಿಲ್ಲ.

ಇನ್ನೊಂದು ವಿಷಯ ಯಾರೂ ಹೇಳಿರಲಿಲ್ಲ, ಗಾಳಿ. ಊರಲ್ಲಿ ಟೈರು ಕಲ್ಲಿನ ಹಾಗೆ ಗಟ್ಟಿ ಇರಬೇಕು ಅಂತ ಹೊಡೆಸುತ್ತಿದ್ದ ಅಭ್ಯಾಸ, ಇಲ್ಲೂ 45 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ತುಂಬಿದ್ದೆ. ಸೈಕಲ್ ಚೆಂಡಿನ ಹಾಗೆ ಪುಟಿಯುತ್ತಿತ್ತು. 28ಕ್ಕೆ ಇಳಿಸಿದೆ (ನಾನು 70 ಕಿಲೋ, ಟೈರು 2.3 ಇಂಚು), ಅದೇ ದಾರಿ ಬೇರೆಯಾಯಿತು, ಟೈರು ಮಣ್ಣನ್ನು ಹಿಡಿಯತೊಡಗಿತು. ಅತಿ ಆಸೆಗೆ 20ಕ್ಕೆ ಇಳಿಸಿದಾಗ ಕಲ್ಲಿಗೆ ಬಡಿದು, ಟ್ಯೂಬು ರಿಮ್ಮಿಗೆ ಸಿಕ್ಕಿ ಜಜ್ಜಿ, ಹಾವು ಕಚ್ಚಿದ ಹಾಗೆ ಅಕ್ಕಪಕ್ಕ ಎರಡು ತೂತು. ಶರತ್ಕಾಲದಲ್ಲಿ ದಾರಿ ಬದಿಯ ಹಾಥಾರ್ನ್ ಬೇಲಿ ಕತ್ತರಿಸುತ್ತಾರೆ, ಆ ಮುಳ್ಳಂತೂ ನಮ್ಮ ಜಾಲಿ ಮುಳ್ಳಿನ ತಮ್ಮ. ಒಂದೇ ವಾರ ಮೂರು ಪಂಚರ್. ಗಾಳಿ ಟೈರಿಗೆ 1888ರಲ್ಲಿ ಪೇಟೆಂಟ್ ಪಡೆದ ಡನ್‌ಲಪ್ ಸ್ಕಾಟ್ಲೆಂಡಿನಲ್ಲೇ ಹುಟ್ಟಿದ ದನದ ಡಾಕ್ಟರು, ಬೇಲಿ ಪಕ್ಕ ಮಂಡಿಯೂರಿ ಟ್ಯೂಬು ಎಳೆಯುವಾಗೆಲ್ಲ ಅವರನ್ನು ನೆನೆಯುತ್ತೇನೆ, ಯಾವಾಗಲೂ ಪ್ರೀತಿಯಿಂದಲ್ಲ. ಕೊನೆಗೆ ಟ್ಯೂಬ್‌ಲೆಸ್ ಮಾಡಿಸಿದೆ. ಒಳಗೆ ಟ್ಯೂಬಿನ ಬದಲು ಸೀಲಂಟ್ ಅನ್ನುವ ಅಂಟು ದ್ರವ ಇರುತ್ತದೆ, ಸಣ್ಣ ಮುಳ್ಳು ಚುಚ್ಚಿದರೆ ತಾನೇ ಮುಚ್ಚಿಕೊಳ್ಳುತ್ತದೆ. ಆದರೂ ಬ್ಯಾಗಿನಲ್ಲಿ ಒಂದು ಟ್ಯೂಬು, ಪಂಪು, ಟೈರ್ ಬಿಚ್ಚುವ ಪ್ಲಾಸ್ಟಿಕ್ ಪಟ್ಟಿ ಇದ್ದೇ ಇರುತ್ತವೆ.

ವಾಪಸ್ ಬರುವಾಗ ಹವಾ ಚೆನ್ನಾಗಿದ್ದರೆ ಕಾಕಲ್‌ರಾಯ್ ಗುಡ್ಡ ಹತ್ತುತ್ತೇನೆ, 278 ಮೀಟರ್. ಸೈಕಲ್ಲನ್ನು ಬೇಲಿಗೆ ಒರಗಿಸಿ ನಡೆದೇ ಹೋಗುವುದು. ಮೇಲಿಂದ ಫೋರ್ತ್ ನದಿಯ ಸೇತುವೆಗಳೂ, ಕೆಳಗೆ ನಮ್ಮ ಕೆರೆಯೂ, ಕೆರೆಯ ಪಕ್ಕ ಅರಮನೆಯೂ ಕಾಣುತ್ತವೆ. ಡಿಸೆಂಬರಿನಲ್ಲಿ ಮೂರು ಮುಕ್ಕಾಲಿಗೆಲ್ಲ ಸೂರ್ಯ ಮುಳುಗುತ್ತಾನೆ, ಆಗ ಲೈಟು ಇಲ್ಲದೆ ಹೊರಡಬೇಡಿ. ಜೂನಿನಲ್ಲಿ ರಾತ್ರಿ ಹತ್ತಕ್ಕೂ ಬೆಳಕು, ಕೆಲಸ ಮುಗಿಸಿ ಊಟ ಮಾಡಿ ಹೊರಟರೂ ಸಾಕು, ಆದರೆ ನಿಂತ ಕಡೆ ಮಿಡ್ಜ್ ಅನ್ನುವ ಸಣ್ಣ ನೊಣ ಮುತ್ತುತ್ತದೆ.

ಮನೆಗೆ ಬಂದರೆ ಬಾಗಿಲಲ್ಲೇ "ರೀ, ಆ ಬೂಟು ಅಲ್ಲೇ ಬಿಚ್ಚಿ" ಅಂತ ಆಜ್ಞೆ. ಸೈಕಲ್ಲಿಗೆ ಬಕೆಟ್ ನೀರು, ಹಳೇ ಬ್ರಷ್. ಪ್ರೆಷರ್ ಪೈಪಿನಿಂದ ಬೇರಿಂಗಿಗೆ ನೀರು ಹೊಡೆದು ಒಂದು ಸಲ ಹಾಳು ಮಾಡಿಕೊಂಡಿದ್ದೇನೆ. ಚೈನ್ ಒರೆಸಿ, ಒಣಗಿಸಿ, ಒಂದೊಂದು ಕೊಂಡಿಗೂ ಒಂದು ಹನಿ ಎಣ್ಣೆ, ಮಿಕ್ಕಿದ್ದನ್ನು ಬಟ್ಟೆಯಲ್ಲಿ ಒರೆಸಿಬಿಡಬೇಕು. ಈ ಶನಿವಾರವೂ ಮಳೆ ಅಂತಿದ್ದಾರೆ. ಬೇಸಿಗೆಯಲ್ಲಿ ಬಿಚ್ಚಿಟ್ಟ ಹಿಂದಿನ ಮಡ್‌ಗಾರ್ಡ್ ಎಲ್ಲಿಟ್ಟೆನೋ, ಹುಡುಕಬೇಕು.