ನಲವತ್ತು ದಾಟಿದ ಮೇಲೆ ಡಿಗ್ರಿಗೆ ಅರ್ಜಿ ಹಾಕುವವರಿಗೆ

ಫಾರ್ಮ್ ತುಂಬುವ ಮೊದಲು ನಿಮ್ಮ ಎಸ್.ಎಸ್.ಎಲ್.ಸಿ. ಬುಕ್ಕು ಮತ್ತು ಆಧಾರ್ ಕಾರ್ಡನ್ನು ಪಕ್ಕಪಕ್ಕ ಇಟ್ಟು ಹೆಸರು ಓದಿ ನೋಡಿ. ಅಕ್ಷರ ಅಕ್ಷರ ಹೋಲಿಸಿ. ನಮ್ಮ ಕಾಸರಗೋಡಿನ ಹೆಂಗಸರಲ್ಲಿ ಎಷ್ಟೋ ಜನರಿಗೆ ಇವೆರಡು ಹೊಂದುವುದಿಲ್ಲ. ಶಾಲೆಯ ದಾಖಲೆಯಲ್ಲಿ ತವರಿನ ಇನಿಶಿಯಲ್, ಆಧಾರ್‌ನಲ್ಲಿ ಗಂಡನ ಹೆಸರು. ನನ್ನದೂ ಹಾಗೇ ಇತ್ತು.

ನಾನು ಬದಿಯಡ್ಕದ ಹತ್ತಿರ ಅಂಗನವಾಡಿ ಟೀಚರ್. ಪ್ರಿಡಿಗ್ರಿ ಮುಗಿಸಿದ್ದು 1990ರ ದಶಕದಲ್ಲಿ. ಈಗ ಇಗ್ನೋದಲ್ಲಿ, ಅಂದರೆ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದಲ್ಲಿ, ಮನೆಯಲ್ಲಿದ್ದೇ ಬಿ.ಎ. ಓದುತ್ತಿದ್ದೇನೆ. ಅಲ್ಲಿ ವಯಸ್ಸಿನ ಮಿತಿ ಇಲ್ಲ. ನಮ್ಮ ಹಳೆಯ ಪ್ರಿಡಿಗ್ರಿಯನ್ನು ಪ್ಲಸ್ ಟೂಗೆ ಸಮ ಅಂತಲೇ ನೋಡುತ್ತಾರೆ. ಕಣ್ಣೂರು ವಿಶ್ವವಿದ್ಯಾಲಯ ಶುರುವಾದದ್ದು 1996ರಲ್ಲಿ. ಅದಕ್ಕೂ ಮೊದಲು ಓದಿದವರ ಮಾರ್ಕ್‌ಲಿಸ್ಟಿನಲ್ಲಿ ಕಲ್ಲಿಕೋಟೆ ವಿಶ್ವವಿದ್ಯಾಲಯ ಅಂತ ಇರುತ್ತದೆ. ಫಾರ್ಮಿನಲ್ಲೂ ಅದನ್ನೇ ತುಂಬಿ. ಹತ್ತನೆಯದೇ ಆಗದಿದ್ದವರು ಬೇಸರಪಡಬೇಡಿ, ಕೇರಳ ಸಾಕ್ಷರತಾ ಮಿಷನ್ನಿನ ತುಲ್ಯತಾ (ಶಾಲೆಗೆ ಸಮಾನವಾದ) ತರಗತಿ ವಿಚಾರಿಸಿ.

ಹೆಸರಿನ ವಿಷಯ ಇಷ್ಟು ಒತ್ತಿ ಹೇಳಲು ಕಾರಣ ಇದೆ. 2024ರಿಂದ ದೂರಶಿಕ್ಷಣಕ್ಕೆ ಸೇರುವವರಿಗೆ ಡಿ.ಇ.ಬಿ. ಐಡಿ (ಯುಜಿಸಿಯ ದೂರಶಿಕ್ಷಣ ವಿಭಾಗದ ಗುರುತು ಸಂಖ್ಯೆ) ಬೇಕೇ ಬೇಕು. ಅದನ್ನು ಮಾಡಲು ಮೊದಲು ಎ.ಬಿ.ಸಿ. ಐಡಿ, ಅಂದರೆ ಓದಿನ ಕ್ರೆಡಿಟ್ ಲೆಕ್ಕ ಇಡುವ ಖಾತೆಯ ಸಂಖ್ಯೆ ಬೇಕು. ಅದು 12 ಅಂಕಿಯದು, ದಾಖಲೆ ಇಡುವ ಸರ್ಕಾರಿ ಆ್ಯಪ್ ಡಿಜಿಲಾಕರ್‌ನಲ್ಲಿ ಸಿಗುತ್ತದೆ. ಡಿಜಿಲಾಕರ್ ಆಧಾರ್‌ನಲ್ಲಿರುವ ಹೆಸರನ್ನೇ ಎಳೆದುಕೊಳ್ಳುತ್ತದೆ. ಆಧಾರ್‌ನಲ್ಲಿ ಒಂದು, ಬುಕ್ಕಿನಲ್ಲಿ ಇನ್ನೊಂದು ಇದ್ದರೆ ಅದೇ ವ್ಯತ್ಯಾಸ ಕೊನೆಯವರೆಗೂ ಬೆನ್ನು ಬಿಡುವುದಿಲ್ಲ. ಸಾಧ್ಯವಾದರೆ ಆಧಾರ್‌ ಅನ್ನೇ ಬುಕ್ಕಿನಂತೆ ತಿದ್ದಿಸಿ. ಅದರ ಜೊತೆಗೆ ವಿಲ್ಲೇಜ್ ಆಫೀಸಿನಿಂದ ಎರಡೂ ಹೆಸರು ಒಬ್ಬರದೇ ಎಂಬ ಸರ್ಟಿಫಿಕೇಟನ್ನೂ ಮಾಡಿಸಿಕೊಳ್ಳಿ. ನಮ್ಮ ಕಡೆ 'ವನ್ ಆಂಡ್ ಸೇಮ್' ಅಂತ ಕೇಳಿದರೆ ಸಾಕು. ಊರಿನ ಆನ್‌ಲೈನ್ ಸೇವೆಯ ಅಕ್ಷಯ ಕೇಂದ್ರದಲ್ಲೇ ಅರ್ಜಿ ಹಾಕಬಹುದು.

ಇನ್ನೊಂದು, ಆಧಾರ್‌ಗೆ ಜೋಡಿಸಿದ ಫೋನ್ ನಂಬರ್ ಯಾರದು ನೋಡಿ. ಗಂಡನದೋ ಗಲ್ಫಿನಲ್ಲಿರುವ ಮಗನದೋ ಆದರೆ ಪ್ರತಿ ಓಟಿಪಿಗೂ ಅವರನ್ನು ಕಾಯಬೇಕು. ನಿಮ್ಮ ಹೆಸರಿನಲ್ಲಿ ನಿಮ್ಮದೇ ನಂಬರ್ ಇರಲಿ. ಓದು ನಿಮ್ಮದು ಅಲ್ವಾ?

ಇಷ್ಟಾದರೆ ಫಾರ್ಮ್ ಸುಲಭ. ಫೋಟೋ, ಸಹಿ ತಲಾ 100 ಕೆಬಿ ಒಳಗೆ, ಸರ್ಟಿಫಿಕೇಟುಗಳು 200 ಕೆಬಿ ಒಳಗೆ ಇರಬೇಕು. ಹಳೆಯ ಎಸ್.ಎಸ್.ಎಲ್.ಸಿ. ಬುಕ್ಕಿನಲ್ಲಿ ಹೆಸರಿನ ಪುಟವೇ ಬೇರೆ, ಮಾರ್ಕಿನ ಪುಟವೇ ಬೇರೆ. ಎರಡನ್ನೂ ಒಂದೇ ಫೈಲಿನಲ್ಲಿ ಸೇರಿಸಿಕೊಡಲು ಅಕ್ಷಯದವರಿಗೆ ಹೇಳಿ. ಪ್ರಾದೇಶಿಕ ಕೇಂದ್ರ ಕೇಳಿದಲ್ಲಿ ವಡಗರ ಆರಿಸಿ, ಕಾಸರಗೋಡು ಜಿಲ್ಲೆ ಅದರ ಕೆಳಗೆ ಬರುತ್ತದೆ. ಜನವರಿ ಮತ್ತು ಜುಲೈ, ವರ್ಷಕ್ಕೆ ಎರಡು ಸಲ ಸೇರಿಸಿಕೊಳ್ಳುತ್ತಾರೆ. ಒಂದು ತಪ್ಪಿದರೆ ಇನ್ನೊಂದು.

ವಿಷಯ ಆರಿಸುವಾಗ ಮಾತ್ರ ಅವಸರ ಬೇಡ. ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮಂಥವರಿಗೆ ನಿಜವಾದ ತೊಡಕು ಪುಸ್ತಕದ ಭಾಷೆ. ಹೆಚ್ಚಿನವು ಇಂಗ್ಲಿಷ್ ಅಥವಾ ಹಿಂದಿಯಲ್ಲಿವೆ. ಇಗ್ನೋ ಪುಸ್ತಕಗಳು ಅವರದೇ ವೆಬ್‌ಸೈಟ್ ಇ-ಜ್ಞಾನಕೋಶದಲ್ಲಿ ಎಲ್ಲರಿಗೂ ಉಚಿತ, ಸೇರಿರಲೇಬೇಕೆಂದಿಲ್ಲ. ದುಡ್ಡು ಕಟ್ಟುವ ಮೊದಲು ನಿಮಗಿಷ್ಟದ ವಿಷಯದ ಒಂದು ಪಾಠ ಇಳಿಸಿಕೊಂಡು ರಾತ್ರಿ ಕೆಲಸ ಮುಗಿದ ಮೇಲೆ ಓದಿ. ಸುಸ್ತಾದ ಹೊತ್ತಿನಲ್ಲೇ ಓದಬೇಕು, ಏಕೆಂದರೆ ಮುಂದೆ ಓದುವುದೂ ಅದೇ ಹೊತ್ತಿನಲ್ಲಿ. ಒಂದೆರಡು ಪುಟಕ್ಕೊಮ್ಮೆ ನಿಘಂಟು ತೆಗೆಯಬೇಕಾಗಿ ಬಂದರೆ ಪರವಾಗಿಲ್ಲ. ಪ್ರತಿ ಸಾಲಿಗೂ ತೆಗೆಯಬೇಕಾದರೆ ಬೇರೆ ವಿಷಯ ನೋಡಿ. ನಾನು ಹೀಗೇ ನೋಡಿ ಅರ್ಥಶಾಸ್ತ್ರ ಬಿಟ್ಟು ಇತಿಹಾಸ ಹಿಡಿದೆ. ಖುಷಿಯಿಂದಲೇ ಓದುತ್ತಿದ್ದೇನೆ.

ಬಿ.ಎ.ಯಲ್ಲಿ ಪರೀಕ್ಷೆಗೆ 70 ಭಾಗ, ಮನೆಯಲ್ಲಿ ಕೂತು ಬರೆಯುವ ಅಸೈನ್‌ಮೆಂಟಿಗೆ 30. ಅವನ್ನು ಕೈಯಲ್ಲೇ ಬರೆಯಬೇಕು, ಹಾಗಾಗಿ ಈಗಿಂದಲೇ ದಿನಕ್ಕೊಂದು ಪುಟ ಬರೆದು ಕೈ ಪಳಗಿಸಿ. ಪರೀಕ್ಷೆ ಜೂನ್ ಮತ್ತು ಡಿಸೆಂಬರ್‌ನಲ್ಲಿ. ಮೂರು ವರ್ಷದ ಬಿ.ಎ. ಮುಗಿಸಲು ಆರು ವರ್ಷದವರೆಗೆ ಸಮಯ ಕೊಡುತ್ತಾರೆ. ಮನೆಯಲ್ಲಿ ಮದುವೆ, ಬಾಣಂತನ ಬಂದ ವರ್ಷ ಕಡಿಮೆ ಪೇಪರ್ ಬರೆಯಿರಿ. ಮುಂದಿನ ವರ್ಷಕ್ಕೆ ಮರುನೋಂದಣಿ ಮಾಡುವುದನ್ನು ಮಾತ್ರ ಮರೆಯಬೇಡಿ, ಅದು ತಾನಾಗಿ ಆಗುವುದಿಲ್ಲ.